ಉಳಿದ ಗಂಟೆ ಯಾರ ಲೆಕ್ಕಕ್ಕೆ?

(ವಿರಾಜಪೇಟೆಯಲ್ಲಿ ತೋಟ ಕಾರ್ಮಿಕರು, ಸಣ್ಣ ಬೆಳೆಗಾರರು, ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ನಡೆದ ಪ್ರಶ್ನೋತ್ತರದಲ್ಲಿ ಒಂದಿಷ್ಟನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಒಪ್ಪಿಸಿರುವ ವಿಷಯ ಸಮಾಜವಾದದಲ್ಲಿ ದುಡಿಮೆಯ ಉತ್ಪಾದಕತೆ, ಕೂಲಿ ಮತ್ತು ಉದ್ಯೋಗ, ಈ ಮೂರರ ನಂಟು. ಮಾಸ್ಕೋದಿಂದ ಆರಂಭಿಸುವುದು ವಾಡಿಕೆ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ತೋಟದ ಕೆಲಸ ಬಲ್ಲವರಾದ್ದರಿಂದ ನಾನು ಕಳೆ ಹೊಡೆಯುವ ಮೆಷಿನ್ನಿನಿಂದ ಆರಂಭಿಸುತ್ತೇನೆ.

ಕತ್ತಿ ಹಿಡಿದು ಕಳೆ ಕೊಚ್ಚುವಾಗ ಎಕರೆಗೆ ಎಷ್ಟು ಆಳು ಬೇಕೆಂದು ನಿಮಗೆ ಗೊತ್ತು. ಮೆಷಿನ್ ಬಂದ ಮೇಲೆ ಅದೇ ಜಾಗವನ್ನು ಒಬ್ಬ ಮುಗಿಸಿ ಕೈ ತೊಳೆಯುತ್ತಾನೆ. ಅರ್ಥಶಾಸ್ತ್ರದವರು ಇದನ್ನೇ ಉತ್ಪಾದಕತೆ ಹೆಚ್ಚಿತು ಅನ್ನುತ್ತಾರೆ. ಅಂದರೆ ಮನುಷ್ಯರ ಒಂದಷ್ಟು ಗಂಟೆ ಉಳಿಯಿತು. ನನ್ನ ಪ್ರಶ್ನೆ ಇಷ್ಟೇ: ಉಳಿದ ಆ ಗಂಟೆಗಳು ಯಾರ ಲೆಕ್ಕಕ್ಕೆ ಹೋದವು? ಕೆಲಸ ಮಾಡುವವರ ಕೂಲಿ ಏರಬಹುದು. ಎಲ್ಲರ ಕೆಲಸದ ಹೊತ್ತು ಕಮ್ಮಿಯಾಗಬಹುದು. ಕಾಫಿ ಕೊಳ್ಳುವವರಿಗೆ ಬೆಲೆ ಇಳಿಯಬಹುದು. ಇಲ್ಲವೇ ಮಾಲೀಕರ ಲಾಭಕ್ಕೆ ಸೇರಬಹುದು. ಮೆಷಿನ್ನಿಗೆ ಇವುಗಳಲ್ಲಿ ಯಾವುದೂ ಗೊತ್ತಿಲ್ಲ. ಅದನ್ನು ಯಾರೋ ತೀರ್ಮಾನ ಮಾಡುತ್ತಾರೆ.

ಈಗ ಇದರ ಇನ್ನೊಂದು ಮಗ್ಗುಲು ನೋಡಿ. ಸಿದ್ದಾಪುರ, ಮಾಲ್ದಾರೆ ಕಡೆ ಬೆಳಗ್ಗೆ ತೋಟದೊಳಗೆ ಆನೆ ಇದೆ ಅಂದರೆ ಕೆಲಸ ನಿಲ್ಲುತ್ತದೆ. ಜೋರು ಮಳೆ ಹಿಡಿದರೂ ಅಷ್ಟೆ. ದಿನಗೂಲಿಯವರಿಗೆ ಆ ದಿನದ ಹಾಜರಿ ಬೀಳುವುದಿಲ್ಲ, ಬಟವಾಡೆಯಲ್ಲಿ ಅಷ್ಟು ಕಡಿತ. ಹೀಗೆ, ಹಾಳಾದ ಗಂಟೆ ಕೂಲಿಯವರ ತಲೆಗೆ ಬರುತ್ತದೆ, ಉಳಿದ ಗಂಟೆ ಮಾಲೀಕರ ಪುಸ್ತಕಕ್ಕೆ ಹೋಗುತ್ತದೆ. ಸಮಾಜವಾದ ಅನ್ನುವ ಯೋಚನೆ ಎದುರು ಹಾಕಿಕೊಂಡದ್ದು ಈ ಲೆಕ್ಕವನ್ನೇ.

ಎದುರು ಹಾಕಿಕೊಂಡವರು ಎಲ್ಲವನ್ನೂ ಕೂಲಿಯಾಗಿ ಹಂಚಿಬಿಡಿ ಅಂದರೇ? ಇಲ್ಲ. 1875ರಲ್ಲಿ ಜರ್ಮನಿಯ ಗೋಥಾ ಪಟ್ಟಣದಲ್ಲಿ ಸೇರಲಿದ್ದ ಕಾರ್ಮಿಕ ಪಕ್ಷಗಳು, ದುಡಿಮೆಯ ಫಲ ಚೂರೂ ಕಡಿತವಾಗದೆ ದುಡಿದವರಿಗೇ ಸೇರಬೇಕು ಎಂದು ಕರಡಿನಲ್ಲಿ ಬರೆದುಕೊಂಡಿದ್ದವು. ಮಾರ್ಕ್ಸ್ ಒಂದು ಟಿಪ್ಪಣಿಯಲ್ಲಿ ಅದನ್ನು ಸಾಲು ಸಾಲಾಗಿ ಒಡೆದು ನೋಡಿದರು. ಸವೆದ ಯಂತ್ರಕ್ಕೆ ಬದಲಿ ಬೇಕು, ನಾಳೆಯ ವಿಸ್ತರಣೆಗೆ ಬೇಕು, ಬರ, ಪ್ರವಾಹಗಳಿಗೆ ಮೀಸಲು ಬೇಕು, ಶಾಲೆ ಆಸ್ಪತ್ರೆಗೆ ಬೇಕು, ದುಡಿಯಲಾಗದವರಿಗೆ ಬೇಕು. ಇಷ್ಟು ತೆಗೆದ ಮೇಲೆ ಉಳಿದದ್ದು ದುಡಿಮೆಗೆ ತಕ್ಕಂತೆ ಹಂಚಿಕೆ. ಅಗತ್ಯಕ್ಕೆ ತಕ್ಕಂತೆ ಪಡೆಯುವ ಕಾಲ ಅದರಾಚೆಗಿನದು. ಮನೆ ನಡೆಸಿದ ಯಾರಿಗಾದರೂ ಈ ಲೆಕ್ಕ ಅರ್ಥವಾಗುತ್ತದೆ. ಕಷ್ಟ ಇರುವುದು ಬೇರೆ ಕಡೆ. ಇಷ್ಟು ಕಡಿತ, ಇಷ್ಟು ಹಂಚಿಕೆ ಎಂದು ಯಾರು, ಎಲ್ಲಿ ಕೂತು ನಿಶ್ಚಯಿಸುತ್ತಾರೆ? ಅದಕ್ಕೆ ಆ ಟಿಪ್ಪಣಿಯಲ್ಲಿ ಉತ್ತರವಿಲ್ಲ. ಇಪ್ಪತ್ತನೇ ಶತಮಾನದ ಸಮಾಜವಾದಿ ದೇಶಗಳ ಕಥೆಯೆಲ್ಲ ಆ ಉತ್ತರದ ಹುಡುಕಾಟ ಎಂದು ನಾನು ಓದುತ್ತೇನೆ.

ಸೋವಿಯತ್ ಒಕ್ಕೂಟಕ್ಕೆ ಬರೋಣ. 1919ರಲ್ಲಿ ಲೆನಿನ್, ಹೊಸ ವ್ಯವಸ್ಥೆ ಗೆಲ್ಲಬೇಕಾದರೆ ಕೊನೆಯಲ್ಲಿ ನಿರ್ಣಾಯಕವಾಗುವುದು ದುಡಿಮೆಯ ಉತ್ಪಾದಕತೆಯೇ ಎಂದು ಬರೆದರು. ಆಗ ಅಲ್ಲಿ ಕಾರ್ಖಾನೆಗಳು ಅರ್ಧ ನಿಂತಿದ್ದವು, ಊಟಕ್ಕೆ ರೇಷನ್. 1920ರ ದಶಕದ ಕೊನೆಗೆ ನಗರಗಳಲ್ಲಿ ಹೆಸರು ನೋಂದಾಯಿಸಿ ಕೆಲಸಕ್ಕೆ ಕಾದಿದ್ದವರೇ ಹತ್ತು ಲಕ್ಷಕ್ಕೂ ಹೆಚ್ಚು. 1928ರಲ್ಲಿ ಪಂಚವಾರ್ಷಿಕ ಯೋಜನೆ ಶುರುವಾಯಿತು. 1930ರ ಹೊತ್ತಿಗೆ ನಿರುದ್ಯೋಗ ಮುಗಿಯಿತೆಂದು ಸಾರಿ, ಉದ್ಯೋಗ ವಿನಿಮಯ ಕಚೇರಿಗಳನ್ನು ಮುಚ್ಚಿದರು, ನಿರುದ್ಯೋಗ ಭತ್ಯೆಯನ್ನೂ ನಿಲ್ಲಿಸಿದರು. ಅದೇ ಹೊತ್ತಿಗೆ ಅಮೆರಿಕ, ಜರ್ಮನಿಗಳಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡು ಬೀದಿಗೆ ಬಿದ್ದಿದ್ದರು ಅನ್ನುವುದನ್ನು ನೆನಪಿಡಿ. 1936ರ ಸಂವಿಧಾನದ 118ನೇ ವಿಧಿ ಉದ್ಯೋಗವನ್ನು ಹಕ್ಕೆಂದು ಬರೆಯಿತು. ಆ ಸಾಧನೆಯ ಬೆಲೆಯನ್ನೂ ಹೇಳಲೇಬೇಕು. ಹಳ್ಳಿಗಳನ್ನು ಬಲವಂತದ ಸಾಮೂಹಿಕ ಬೇಸಾಯಕ್ಕೆ ದೂಡಲಾಯಿತು, 1932-33ರ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ಕಾರ್ಖಾನೆ ಬಾಗಿಲಿಗೆ ಬಂದ ರೈತರಲ್ಲಿ ಬಹಳ ಮಂದಿ ಬಂದದ್ದು ಆಸೆಯಿಂದಲ್ಲ.

ಎಲ್ಲರಿಗೂ ಕೆಲಸ ಅನ್ನುವುದು ದುಡಿಯುವವರ ಮನಸ್ಸಿಗೆ ಏನು ಮಾಡುತ್ತದೆ? ಪೋಲೆಂಡಿನ ಅರ್ಥಶಾಸ್ತ್ರಜ್ಞ ಮಿಖಾಲ್ ಕಲೆಟ್ಸ್ಕಿ 1943ರಲ್ಲಿ ಈ ಬಗ್ಗೆ ಒಂದು ಚಿಕ್ಕ ಲೇಖನ ಬರೆದರು. ಬಂಡವಾಳದ ವ್ಯವಸ್ಥೆಯಲ್ಲಿ ಎಲ್ಲರಿಗೂ ಕೆಲಸ ಕೊಡುವುದು ಹಣಕಾಸಿನ ದೃಷ್ಟಿಯಿಂದ ಸಾಧ್ಯ, ಅದರಿಂದ ಮಾಲೀಕರ ಲಾಭವೂ ಹೆಚ್ಚುತ್ತದೆ, ಆದರೂ ಅವರು ಒಪ್ಪಲಾರರು ಅನ್ನುವುದು ಅವರ ವಾದ. ಕಾರಣ, ಕೆಲಸದಿಂದ ತೆಗೆಯುತ್ತೇನೆ ಅನ್ನುವ ಬೆದರಿಕೆಗೆ ಆಗ ಬಲವಿರುವುದಿಲ್ಲ. ಗೇಟಿನ ಹೊರಗೆ ಕಾಯುತ್ತಿರುವವರು ಇದ್ದರೆ ತಾನೇ ಒಳಗಿರುವವರು ತಲೆ ತಗ್ಗಿಸುವುದು?

ಕೊಡಗಿನಲ್ಲಿ ಈ ಹೆದರಿಕೆಗೆ ಇನ್ನೊಂದು ಪದರ ಇದೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಮಾಲೀಕರೇ ಮನೆ, ಕುಡಿಯುವ ನೀರು, ಶಿಶುಪಾಲನೆ ಒದಗಿಸಬೇಕು ಎಂದಿತು. ದೊಡ್ಡ ಹೆಜ್ಜೆಯೇ ಅದು. ಆದರೆ ಸೂರು ಕೆಲಸಕ್ಕೆ ಅಂಟಿಕೊಂಡಿತು. ಲೈನ್ ಮನೆಯಲ್ಲಿ, ಅಂದರೆ ಮಾಲೀಕರು ತೋಟದಲ್ಲಿ ಕಟ್ಟಿಸಿದ ಸಾಲುಮನೆಯಲ್ಲಿ, ಇರುವವರಿಗೆ ಕೆಲಸ ಹೋದರೆ ಮನೆಯೂ ಹೋಗುತ್ತದೆ, ಪಡಿತರ ಚೀಟಿಯ ವಿಳಾಸ ಹೋಗುತ್ತದೆ, ಮಕ್ಕಳ ಶಾಲೆ ತಪ್ಪುತ್ತದೆ. ಮುಂಗಡದ ಸಾಲ ಬೇರೆ. 1976ರಲ್ಲೇ ಜೀತ ರದ್ದತಿ ಕಾಯ್ದೆ ಬಂದರೂ ಎರವ, ಪಣಿಯ ಆದಿವಾಸಿಗಳ ಹಾಡಿಗಳಲ್ಲಿ, ಲೈನುಗಳಲ್ಲಿ ಹಿರಿಯರನ್ನು ಕೇಳಿದರೆ ಮುಂಗಡ ಕಾಲಿಗೆ ಕಟ್ಟಿದ ಹಗ್ಗವಾಗಿದ್ದ ಕಥೆ ಹೇಳುತ್ತಾರೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತಾಗ ಅವರು ಕೇಳಿದ್ದು ತಮ್ಮದೇ ಆದ ಒಂದು ತುಂಡು ನೆಲ. ಅವರಲ್ಲಿ ಅನೇಕರು ಲೈನ್ ಮನೆ ಬಿಟ್ಟು ಬಂದವರು. ಕೂಲಿ ಜಾಸ್ತಿ ಮಾಡಿ ಎಂದು ಕೇಳುವ ಮೊದಲು, ಕೇಳಿದರೆ ಹೊರಗೆ ಹಾಕಲಾರದಂಥ ಸೂರು ಬೇಕು ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಸೋವಿಯತ್ ಪ್ರಯೋಗದಲ್ಲಿ ಎಷ್ಟೇ ತಪ್ಪಿದ್ದರೂ, ಕೆಲಸ ಹೋಗುವ ಹೆದರಿಕೆಯಿಲ್ಲದೆ ಮೂರು ತಲೆಮಾರು ಬದುಕಿತು ಅನ್ನುವುದನ್ನು ನಾನು ಹಗುರವಾಗಿ ಎಣಿಸಲಾರೆ. ಅಲ್ಲಿ ಕಾರ್ಮಿಕರ ತಪ್ಪಿಲ್ಲದೆ ಕೆಲಸ ನಿಂತರೆ ಕೂಲಿಯ ಒಂದು ಭಾಗ ಕೊಡುವ ನಿಯಮವೂ ಇತ್ತು. ಆನೆ ಬಂದ ದಿನಕ್ಕೆ ಇಲ್ಲಿ ಅಂಥದ್ದೊಂದು ನಿಯಮ ಬೇಡವೇ?

ಹೆದರಿಕೆ ಹೋದ ಮೇಲೆ ಜನ ಯಾಕೆ ಮನಸಿಟ್ಟು ದುಡಿಯಬೇಕು? ಸೋವಿಯತ್ ದೇಶದಲ್ಲಿ ಈ ಪ್ರಶ್ನೆ ತಕ್ಷಣವೇ ಎದುರಾಯಿತು. ಒಂದು ಕಾರ್ಖಾನೆ ಬಿಟ್ಟು ಇನ್ನೊಂದಕ್ಕೆ ಹೋಗುವವರ ಸಂಖ್ಯೆ ಮಿತಿಮೀರಿತು. 1931ರ ಜೂನಿನಲ್ಲಿ ಸ್ಟಾಲಿನ್, ಎಲ್ಲರಿಗೂ ಸಮನಾದ ಕೂಲಿ ಅನ್ನುವುದೇ ಇದಕ್ಕೆ ಕಾರಣ ಎಂದು ಟೀಕಿಸಿ, ಕೌಶಲಕ್ಕೆ ತಕ್ಕಂತೆ ಕೂಲಿ ಏರಿಳಿಯಬೇಕು ಎಂದರು. ಮಾಡಿದಷ್ಟಕ್ಕೆ ಕೂಲಿ ಅನ್ನುವ ಪದ್ಧತಿ ಹರಡಿತು. ನಮ್ಮ ಕುಯ್ಲಿನ ಕೆ.ಜಿ. ಲೆಕ್ಕದ ಹಾಗೆಯೇ.

1935ರ ಆಗಸ್ಟ್ ಕೊನೆಯಲ್ಲಿ ದೋನ್‌ಬಾಸ್ ಪ್ರದೇಶದ ಒಂದು ಗಣಿಯಲ್ಲಿ ಅಲೆಕ್ಸಿ ಸ್ತಖಾನೊವ್ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ಕಡಿದ. ಅವನಿಗೆ ಗೊತ್ತುಮಾಡಿದ್ದ ಪ್ರಮಾಣ 7 ಟನ್. ಇದರಲ್ಲಿ ನಿಜವಾದ ಕೌಶಲ ಇತ್ತು: ಅದುವರೆಗೆ ಕಡಿಯುವವನೇ ಸುರಂಗ ಕುಸಿಯದಂತೆ ಮರದ ಆನಿಕೆಯನ್ನೂ ಕೊಡುತ್ತಿದ್ದ, ಆ ರಾತ್ರಿ ಆನಿಕೆ ಕೊಡುವ ಕೆಲಸಕ್ಕೆ ಬೇರೆ ಜನ ಇದ್ದರು. ಕೆಲಸ ಹಂಚಿಕೊಂಡರೆ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದು ಕಾಣಿಸಿತು. ಆದರೆ ಪತ್ರಿಕೆಗಳಲ್ಲಿ ಉಳಿದದ್ದು ಒಬ್ಬನ ಹೆಸರು. 1936ರಲ್ಲಿ ಒಂದಾದ ಮೇಲೊಂದು ಕೈಗಾರಿಕೆಯಲ್ಲಿ ಎಲ್ಲರ ಪ್ರಮಾಣವನ್ನೂ ಏರಿಸಿದರು. ನಿನ್ನೆಯ ಕೂಲಿ ಸಿಗಬೇಕಾದರೆ ಇವತ್ತು ಹೆಚ್ಚು ಕಡಿಯಬೇಕಾಯಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದು ನಿಮ್ಮ ಕಣ್ಣೆದುರಿನ ಮಾತು. ಕಾಫಿ ಹಣ್ಣು ಕೆ.ಜಿ. ಲೆಕ್ಕದಲ್ಲಿ ಕುಯ್ಯುವಾಗ ಕೈ ಓಡುವ ಹೆಂಗಸರು ಬೇರೆಯವರ ಎರಡರಷ್ಟು ಕುಯ್ಯುತ್ತಾರೆ. ಅವರ ಕೈಬೀಸನ್ನೇ ಅಳತೆ ಮಾಡಿಕೊಂಡು ಮುಂದಿನ ವರ್ಷ ಕೆ.ಜಿ. ದರ ಗೊತ್ತು ಮಾಡಿದರೆ ಏನಾಗುತ್ತದೆ? ಆ ಅಕ್ಕಂದಿರೇ ಮೊದಲು ಕೈ ನಿಧಾನ ಮಾಡುತ್ತಾರೆ. ಸೋಮಾರಿತನ ಅಲ್ಲ ಅದು. ಬೇಗ ಮಾಡಿದ್ದಕ್ಕೆ ಶಿಕ್ಷೆಯಾಗುತ್ತದೆ ಎಂದು ತಿಳಿದವರ ಬುದ್ಧಿವಂತಿಕೆ. ಅವಸರಕ್ಕೆ ಬಿದ್ದರೆ ಕಾಯಿಯೂ ಬುಟ್ಟಿಗೆ ಬರುತ್ತದೆ, ಗಿಡದ ರೆಕ್ಕೆ (ಅಡ್ಡರೆಂಬೆ) ಮುರಿಯುತ್ತದೆ, ಮುಂದಿನ ಫಸಲಿಗೆ ಏಟು. ಮಾಸ್ಕೋದ ಯೋಜನಾ ಕಚೇರಿಗೂ ಪಾಲಿಬೆಟ್ಟದ ತೋಟದ ಲೆಕ್ಕ ಬರೆಯುವ ರೈಟರ್ ಕೋಣೆಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. ಹೆಚ್ಚು ಮಾಡಿ ತೋರಿಸಿದವರಿಗೆ ಅದರ ಫಲ ಉಳಿಯುತ್ತದೆಂಬ ಖಾತರಿ ಇಲ್ಲದಿದ್ದರೆ ಯಾರೂ ತಮ್ಮ ಶಕ್ತಿಯ ನಿಜವಾದ ಅಳತೆ ತೋರಿಸುವುದಿಲ್ಲ.

ಯುದ್ಧ ಹತ್ತಿರ ಬಂದಾಗ ಹೆದರಿಕೆ ಇನ್ನೊಂದು ಬಾಗಿಲಿನಿಂದ ಒಳಗೆ ಬಂತು. 1940ರ ಜೂನ್ 26ರ ಆದೇಶದ ಪ್ರಕಾರ ಅನುಮತಿಯಿಲ್ಲದೆ ಕೆಲಸ ಬಿಡುವುದು ಅಪರಾಧ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ತಡವಾದರೆ ಗೈರುಹಾಜರಿಯೆಂದು ಮೊಕದ್ದಮೆ, ಕೂಲಿಯಲ್ಲಿ ಕಡಿತ. ಏಳು ಗಂಟೆಗೆ ಇಳಿದಿದ್ದ ಕೆಲಸದ ದಿನ ಮತ್ತೆ ಎಂಟಕ್ಕೆ ಏರಿತು. ಆ ಆದೇಶ ರದ್ದಾದದ್ದು 1956ರಲ್ಲಿ. ಆಮೇಲೆ ಕೆಲಸದ ದಿನ ಮತ್ತೆ ಏಳು ಗಂಟೆಗೆ ಇಳಿಯಿತು, 1967ರಲ್ಲಿ ವಾರಕ್ಕೆ ಐದೇ ದಿನದ ಕೆಲಸ ಬಂತು. ಉಳಿದ ಗಂಟೆ ದುಡಿಯುವವರ ಮನೆಗೆ ವಿರಾಮವಾಗಿ ಬಂದ ಅಪರೂಪದ ವರ್ಷಗಳು ಅವು. ಅದೇ ಕಾಲದಲ್ಲೇ, 1962ರ ಜೂನಿನಲ್ಲಿ ನೊವೊಚೆರ್ಕಾಸ್ಕ್ ಎಂಬ ಊರಿನಲ್ಲಿ ರೈಲು ಎಂಜಿನ್ ಕಾರ್ಖಾನೆಯವರು ಕೆಲಸ ನಿಲ್ಲಿಸಿದರು. ಪ್ರಮಾಣ ಏರಿಸಿ ಕೈಗೆ ಬರುವ ಕೂಲಿ ಇಳಿಸಿದ್ದರು, ಆ ಹೊತ್ತಿಗೇ ಸರ್ಕಾರ ಮಾಂಸ, ಬೆಣ್ಣೆಯ ಬೆಲೆ ಏರಿಸಿತು. ಮೆರವಣಿಗೆಯ ಮೇಲೆ ಗುಂಡು ಹಾರಿತು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಕಾರ್ಮಿಕರ ಹೆಸರಿನ ಸರ್ಕಾರ ಕಾರ್ಮಿಕರ ಮೇಲೆ ಗುಂಡು ಹಾರಿಸಿದ್ದನ್ನು ಸಮಾಜವಾದವನ್ನು ಪ್ರೀತಿಸುವವರೇ ಮೊದಲು ಹೇಳಬೇಕು. ನಾನು ಹಾಗೆ ಪ್ರೀತಿಸುವವನು, ಅದಕ್ಕೇ ಹೇಳುತ್ತಿದ್ದೇನೆ.

ಆ ಹೊತ್ತಿಗೆ ಇನ್ನೊಂದು ತೊಡಕು ಬೆಳೆದಿತ್ತು. ಮೊದಲು ಕೆಲಸಕ್ಕೆ ಜನ ಕಾಯುತ್ತಿದ್ದರು, ಈಗ ಜನರಿಗಾಗಿ ಕೆಲಸ ಕಾಯತೊಡಗಿತು. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೊಷ್ ಕೊರ್ನೈ 1980ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಬಿಡಿಸಿ ತೋರಿಸಿತು. ಕಾರ್ಖಾನೆ ನಷ್ಟ ಮಾಡಿದರೂ ಮುಚ್ಚುವುದಿಲ್ಲ, ಮೇಲಿನವರು ಹಣ ಕೊಡುತ್ತಾರೆ. ವ್ಯವಸ್ಥಾಪಕನಿಗೆ ಇರುವ ಭಯ ಒಂದೇ, ಯೋಜನೆಯ ಗುರಿ ತಪ್ಪುವುದು. ಕಚ್ಚಾವಸ್ತು ಯಾವಾಗ ಬರುತ್ತದೋ ಗೊತ್ತಿಲ್ಲ, ತಿಂಗಳ ಕೊನೆಯಲ್ಲಿ ಒಮ್ಮೆಗೇ ಬಂದರೆ ಹಗಲುರಾತ್ರಿ ದುಡಿದು ಗುರಿ ಮುಟ್ಟಬೇಕು. ಹಾಗಾಗಿ ಅವನು ಬೇಕಾದ್ದಕ್ಕಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳುತ್ತಾನೆ. ಕೂಲಿಯ ಮೊತ್ತ ತಲೆ ಎಣಿಸಿ ಬರುವಾಗ ಜನ ಕಡಿಮೆ ಮಾಡಿದರೆ ಅವನಿಗೇ ನಷ್ಟ. ಒಂದು ಕಾರ್ಖಾನೆಯಲ್ಲಿ ಜನ ಸುಮ್ಮನೆ ಕೂತಿರುತ್ತಾರೆ, ಪಕ್ಕದಲ್ಲಿ ಹೊಸ ಕಾರ್ಖಾನೆ ಜನರಿಲ್ಲದೆ ಅರ್ಧ ಪಾಳಿ ನಡೆಯುತ್ತದೆ. ಉಳಿಯಬಹುದಾಗಿದ್ದ ಗಂಟೆ ಯಾರ ಕಣ್ಣಿಗೂ ಬೀಳದೆ ಗೋಡೆಯೊಳಗೇ ಕರಗುತ್ತದೆ.

ಇದನ್ನು ಸರಿಮಾಡಲು ಅವರು ಮಾಡಿದ ಒಂದು ಪ್ರಯೋಗ ನನಗೆ ಬಹಳ ಮುಖ್ಯ. ಮಾಸ್ಕೋದ ದಕ್ಷಿಣಕ್ಕೆ, ತುಲಾ ಪ್ರಾಂತ್ಯದ ಶ್ಚೆಕಿನೊದಲ್ಲಿ ರಸಗೊಬ್ಬರ ಮತ್ತು ರಾಸಾಯನಿಕಗಳ ದೊಡ್ಡ ಕಾರ್ಖಾನೆ ಇತ್ತು. 1967ರಲ್ಲಿ ಅಲ್ಲಿ ಒಂದು ಒಪ್ಪಂದವಾಯಿತು: ಕೂಲಿಯ ಒಟ್ಟು ಮೊತ್ತವನ್ನು ಕೆಲವು ವರ್ಷ ಮುಟ್ಟುವುದಿಲ್ಲ. ಅಷ್ಟೇ ಹಣದಲ್ಲಿ ಕಡಿಮೆ ಜನ ಹೆಚ್ಚು ಉತ್ಪಾದನೆ ಮಾಡಿದರೆ ಉಳಿತಾಯದ ಒಂದು ಪಾಲು ಉಳಿದವರ ಕೂಲಿಗೆ. ಹೊರಬೀಳುವವರಿಗೆ ಹೊಸ ವಿಭಾಗದಲ್ಲೋ ಬೇರೆಡೆಯೋ ಕೆಲಸ, ಬೇಕಾದರೆ ತರಬೇತಿ. ಕೆಲವೇ ವರ್ಷದಲ್ಲಿ ಸಾವಿರದ ಹತ್ತಿರ ಹುದ್ದೆಗಳು ಬೇಡವಾದವು, ಉತ್ಪಾದನೆ ಏರಿತು, ಕೂಲಿ ಏರಿತು, ಯಾರೂ ಬೀದಿಗೆ ಬೀಳಲಿಲ್ಲ. ಉತ್ಪಾದಕತೆ, ಕೂಲಿ, ಉದ್ಯೋಗ ಮೂರೂ ಒಂದಕ್ಕೊಂದು ಕೈ ಹಿಡಿದು ನಡೆಯಬಹುದು ಅನ್ನುವುದಕ್ಕೆ ಇಷ್ಟು ಸ್ವಚ್ಛವಾದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಆಮೇಲೆ ಏನಾಯಿತು? ಮಂತ್ರಾಲಯದವರು ಗುರಿಯನ್ನು ಮತ್ತೆ ಏರಿಸಿದರು, ಮುಟ್ಟುವುದಿಲ್ಲ ಎಂದಿದ್ದ ಮೊತ್ತಕ್ಕೆ ಕೈ ಹಾಕಿದರು. ಕೊಟ್ಟ ಮಾತು ಉಳಿಯಲಿಲ್ಲ. ಆ ಪದ್ಧತಿಯನ್ನು ಬೇರೆ ಕಾರ್ಖಾನೆಗಳಿಗೆ ಹರಡಿ ಎಂದು ಮೇಲಿನಿಂದ ಹೇಳಿದರೂ ಅದು ನಿಜವಾಗಿ ಬೇರೂರಲಿಲ್ಲ. ಕಾರ್ಖಾನೆಯ ಜನರಿಗೆ ಮಂತ್ರಾಲಯವನ್ನು ಒಪ್ಪಂದಕ್ಕೆ ಕಟ್ಟಿಹಾಕುವ ಶಕ್ತಿ ಇರಲಿಲ್ಲ. ಮುಷ್ಕರದ ಹಕ್ಕಿಲ್ಲ, ಸ್ವತಂತ್ರ ಸಂಘ ಇಲ್ಲ, ಪ್ರಶ್ನಿಸುವ ಪತ್ರಿಕೆ ಇಲ್ಲ. ಉದ್ಯೋಗದ ಹಕ್ಕು ಬಂದಿತ್ತು, ಉಳಿದ ಗಂಟೆಯ ಮೇಲಿನ ಹಕ್ಕು ಬಂದಿರಲಿಲ್ಲ. ಸೋವಿಯತ್ ಸಮಾಜವಾದ ಸೋತದ್ದು ಎಲ್ಲರಿಗೂ ಕೆಲಸ ಕೊಟ್ಟದ್ದರಿಂದ ಎಂದು ಈಗ ಹೇಳುವುದು ರೂಢಿಯಾಗಿದೆ. ನಾನು ಅದನ್ನು ಒಪ್ಪುವುದಿಲ್ಲ. ಶ್ಚೆಕಿನೊ ಅದಕ್ಕೆ ನನ್ನ ಸಾಕ್ಷಿ.

ಯುಗೊಸ್ಲಾವಿಯ ಇದರ ಎದುರು ದಾರಿ ಹಿಡಿಯಿತು. 1950ರ ಕಾನೂನಿನಿಂದ ಕಾರ್ಖಾನೆಗಳ ಆಡಳಿತ ಕಾರ್ಮಿಕರ ಮಂಡಳಿಗಳಿಗೆ ಹೋಯಿತು, ಗಳಿಕೆಯ ಹಂಚಿಕೆಯಲ್ಲಿ ಅವರ ಮಾತು ನಡೆಯಿತು. ಆದರೆ ಒಳಗಿದ್ದವರಿಗೆ ಹೊಸಬರನ್ನು ಸೇರಿಸಿಕೊಂಡರೆ ತಮ್ಮ ಪಾಲು ಕಡಿಮೆಯಾಗುತ್ತದೆ. ಅಲ್ಲಿ ನಿರುದ್ಯೋಗ ಉಳಿಯಿತು, ಲಕ್ಷಾಂತರ ಜನ ಪಶ್ಚಿಮ ಜರ್ಮನಿಗೆ ದುಡಿಯಲು ಹೋದರು. ಕಾರ್ಖಾನೆಯ ಒಳಗಿನವರ ಹಕ್ಕು ಮಾತ್ರ ಸಾಲದು, ಹೊರಗೆ ನಿಂತವರ ಪರವಾಗಿ ಮಾತಾಡುವ ಇನ್ನೊಂದು ವೇದಿಕೆಯೂ ಬೇಕು.

ಈಗ ನಮ್ಮ ಕಾಫಿಗೆ ಬರುತ್ತೇನೆ. ಸಮಾಜವಾದದ ಈ ಲೆಕ್ಕ ಕೊಡಗಿನ ಕಣಕ್ಕೆ ನೇರವಾಗಿ ಬಂದಿದೆ, ನಾವು ಗಮನಿಸಿಲ್ಲ ಅಷ್ಟೆ. 1975ರಲ್ಲಿ ಬ್ರೆಜಿಲ್‌ನಲ್ಲಿ ಮಂಜು ಬಿದ್ದು ಕಾಫಿ ಗಿಡಗಳು ಸುಟ್ಟವು, ಲೋಕದಲ್ಲೆಲ್ಲ ಬೆಲೆ ಏರಿತು. ಪೂರ್ವ ಜರ್ಮನಿಗೆ ಕಾಫಿ ಕೊಳ್ಳಲು ಡಾಲರ್ ಸಾಲಲಿಲ್ಲ. 1977ರಲ್ಲಿ ಸರ್ಕಾರ ಅರ್ಧದಷ್ಟು ಬೇರೆ ಪದಾರ್ಥ ಬೆರೆಸಿದ ಕಾಫಿ ಪುಡಿಯನ್ನು ಅಂಗಡಿಗೆ ಬಿಟ್ಟಿತು. ಜನ ಸಿಟ್ಟಿಗೆದ್ದು ದೂರು ಬರೆದರು. ಎಲ್ಲರಿಗೂ ಕೆಲಸ ಇದ್ದ ದೇಶ, ಕೈಯಲ್ಲಿ ಸಂಬಳ ಇತ್ತು, ಅದರಿಂದ ಒಂದು ಲೋಟ ಒಳ್ಳೆಯ ಕಾಫಿ ಸಿಗದಿದ್ದರೆ ಆ ಸಂಬಳಕ್ಕೆ ಏನರ್ಥ? ಕೂಲಿಯೆಂದರೆ ನೋಟಿನ ಎಣಿಕೆ ಅಲ್ಲ ಅನ್ನುವುದು ಅಲ್ಲಿನ ಅಡುಗೆಮನೆಗಳಲ್ಲಿ ತಿಳಿಯಿತು.

1980ರಲ್ಲಿ ಪೂರ್ವ ಜರ್ಮನಿ ವಿಯೆಟ್ನಾಂ ಜೊತೆ ಒಪ್ಪಂದ ಮಾಡಿಕೊಂಡಿತು. ಲಾರಿ, ಯಂತ್ರ, ನೀರಾವರಿ ಸಲಕರಣೆ ಇವರಿಂದ, ಡಾಕ್ ಲಾಕ್ ಪ್ರಾಂತ್ಯದ ಗುಡ್ಡಗಳಲ್ಲಿ ಬೆಳೆದ ಕಾಫಿಯಲ್ಲಿ ಪಾಲು ಅವರಿಂದ. ಗಿಡಗಳು ಪೂರ್ತಿ ಫಸಲಿಗೆ ಬರುವ ಹೊತ್ತಿಗೆ, 1990ರಲ್ಲಿ, ಪೂರ್ವ ಜರ್ಮನಿಯೇ ಇರಲಿಲ್ಲ. ವಿಯೆಟ್ನಾಮಿನಲ್ಲಿ ಆ ನಡುವೆ ದೊಡ್ಡ ಬದಲಾವಣೆ ಆಗಿತ್ತು. 1986ರಲ್ಲಿ ಸುಧಾರಣೆ ಶುರುವಾಗಿ, 1988ರ ನಿರ್ಣಯದಿಂದ ಸಾಮೂಹಿಕ ಬೇಸಾಯದ ನೆಲವನ್ನು ಕುಟುಂಬಗಳಿಗೆ ದೀರ್ಘಕಾಲಕ್ಕೆ ವಹಿಸಿದರು. ಹೆಚ್ಚು ದುಡಿದರೆ ಹೆಚ್ಚಿನದು ಮನೆಗೇ ಉಳಿಯುತ್ತದೆ ಎಂದು ಖಾತರಿಯಾದ ಮೇಲೆ ಜನ ಗುಡ್ಡವನ್ನೆಲ್ಲ ತೋಟ ಮಾಡಿದರು. ಇಂದು ಅಲ್ಲಿ ಹೆಕ್ಟೇರಿಗೆ ಎರಡೂವರೆ ಟನ್ನಿನ ಆಸುಪಾಸು ಇಳುವರಿ, ಭಾರತದ ಸರಾಸರಿ ಒಂದು ಟನ್ನನ್ನೂ ಮುಟ್ಟುವುದಿಲ್ಲ. ಹತ್ತು ಹದಿನೈದು ವರ್ಷದಲ್ಲಿ ವಿಯೆಟ್ನಾಂ ಬ್ರೆಜಿಲ್ ನಂತರದ ಎರಡನೇ ಸ್ಥಾನಕ್ಕೆ ಬಂತು.

ಆದರೆ 1989ರಲ್ಲೇ ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಎಂದು ಗೊತ್ತುಮಾಡುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದಿತ್ತು. ಹೆಚ್ಚಿದ ಕಾಫಿಯನ್ನು ಹಿಡಿದಿಡುವ ಕಟ್ಟೆ ಇರಲಿಲ್ಲ. 2001ರ ಸುಮಾರಿಗೆ ಬೆಲೆ ನೆಲ ಕಚ್ಚಿತು. ವಿಯೆಟ್ನಾಂ ರೈತರು ಉಳಿಸಿದ ಗಂಟೆ ಅವರ ಕೈಯಲ್ಲೂ ಉಳಿಯದೆ ದೂರದ ದೊಡ್ಡ ಕಾಫಿ ಕಂಪನಿಗಳ ಪಾಲಾಯಿತು. ಆ ವರ್ಷಗಳಲ್ಲಿ ಕೊಡಗಿನ ಬೆಳೆಗಾರರು ಬ್ಯಾಂಕ್ ಸಾಲ ತೀರಿಸಲಾಗದೆ ಒದ್ದಾಡಿದ್ದು, ತೋಟದ ಆಳುಗಳಿಗೆ ವಾರಕ್ಕೆ ಕೆಲವೇ ದಿನ ಕೆಲಸ ಸಿಕ್ಕಿದ್ದು ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಅದೇ 2001ರಲ್ಲಿ ವಿಯೆಟ್ನಾಮಿನ ಆ ಗುಡ್ಡಗಳ ಮೂಲನಿವಾಸಿಗಳು ತಮ್ಮ ನೆಲ ಹೋಯಿತೆಂದು ಬೀದಿಗಿಳಿದರು. ಅಲ್ಲಿಯ ಎಡೆ, ಜರಾಯ್ ಜನರ ಮಾತನ್ನು ಓದುವಾಗ ನನಗೆ ದಿಡ್ಡಳ್ಳಿಯೇ ಕೇಳಿಸುತ್ತದೆ.

ನಮ್ಮಲ್ಲೂ ಒಂದು ಕಟ್ಟೆ ಇತ್ತು. 1942ರ ಕಾಯ್ದೆಯಿಂದ ಬಂದ ಕಾಫಿ ಬೋರ್ಡಿನ ಪೂಲ್ ಪದ್ಧತಿಯಲ್ಲಿ ಎಲ್ಲರ ಕಾಫಿಯೂ ಒಟ್ಟಾಗಿ ಮಾರಾಟವಾಗುತ್ತಿತ್ತು. ಹಣ ಕಂತಿನಲ್ಲಿ ತಡವಾಗಿ ಬರುತ್ತದೆಂಬ ದೂರಿತ್ತು, ದೂರಿನಲ್ಲಿ ನಿಜವಿತ್ತು. ಸೋವಿಯತ್ ಒಕ್ಕೂಟ ರೂಪಾಯಿ ವ್ಯಾಪಾರದಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿ. 1991ರಲ್ಲಿ ಆ ಗಿರಾಕಿ ಮಾಯ. 1992ರಿಂದ ಪೂಲ್ ಹಂತ ಹಂತವಾಗಿ ಸಡಿಲವಾಗಿ 1996ಕ್ಕೆ ಮಾರಾಟ ಪೂರ್ತಿ ಮುಕ್ತವಾಯಿತು. 2024ರಲ್ಲಿ 50 ಕೆ.ಜಿ. ರೊಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲ ಹತ್ತು ಸಾವಿರ ರೂಪಾಯಿ ದಾಟಿತು. ಅದಕ್ಕೆ ಎರಡು ವರ್ಷ ಹಿಂದಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ಕುಯ್ಲಿನ ಕೂಲಿ ಅಷ್ಟೇ ಪಾಲು ಏರಿದ ತೋಟ ಇದ್ದರೆ ದಯವಿಟ್ಟು ಕೈ ಎತ್ತಿ.

(ಯಾರೂ ಕೈ ಎತ್ತಲಿಲ್ಲ.)

ಹಾಗಾದರೆ ನಮ್ಮ ಸುತ್ತ ಬೇರೆ ದಾರಿ ತುಳಿದವರೇ ಇಲ್ಲವೇ? ಇದ್ದಾರೆ, ಬಹಳ ಹತ್ತಿರ. ಕಾಫಿ ಬೋರ್ಡ್ ನಡೆಸುತ್ತಿದ್ದ ಇಂಡಿಯಾ ಕಾಫಿ ಹೌಸ್‌ಗಳನ್ನು 1950ರ ದಶಕದಲ್ಲಿ ಮುಚ್ಚಲು ಹೊರಟಾಗ ಕೆಲಸ ಹೋಗಲಿದ್ದ ನೌಕರರು ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘ ಕಟ್ಟಿದರು. ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲಿ. ಕಾಫಿ ತಂದುಕೊಡುವವರೇ ಅಂಗಡಿಯ ಒಡೆಯರಾದರು.

ಇನ್ನೊಂದು ಮಾಕುಟ್ಟ ಘಾಟಿ ಇಳಿದರೆ ಸಿಗುವ ಕಣ್ಣೂರಿನಲ್ಲಿ. 1966ರ ಬೀಡಿ ಕಾರ್ಮಿಕರ ಕಾಯ್ದೆಯನ್ನು ಕೇರಳ ಜಾರಿಗೆ ತರಲು ಹೊರಟಾಗ ಮಂಗಳೂರಿನ ಬೀಡಿ ಮಾಲೀಕರು ಅಲ್ಲಿನ ಕೆಲಸ ನಿಲ್ಲಿಸಿದರು, ಸಾವಿರಾರು ಜನ ಒಮ್ಮೆಗೇ ನಿರುದ್ಯೋಗಿಗಳಾದರು. 1969ರಲ್ಲಿ ಅವರು ಸರ್ಕಾರದ ನೆರವಿನಿಂದ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಕಾನೂನಿನ ಕೂಲಿ, ಭವಿಷ್ಯ ನಿಧಿ, ಹೆರಿಗೆ ಸೌಲಭ್ಯ, ಬೋನಸ್ ಎಲ್ಲ ಕೊಟ್ಟೂ ಬೆಳೆಯಿತು, ಒಂದು ಕಾಲಕ್ಕೆ ನಲವತ್ತು ಸಾವಿರದ ಸುತ್ತ ಜನ ಅದರಲ್ಲಿ ದುಡಿದರು. ಕಣ್ಣೂರಿನಲ್ಲಿ ಬೀಡಿ ಸುತ್ತುವ ಕೊಠಡಿಗಳಲ್ಲಿ ಒಂದು ಪದ್ಧತಿ ಇತ್ತು. ಒಬ್ಬರು ಕೂತು ಎಲ್ಲರಿಗೂ ಕೇಳುವಂತೆ ಪತ್ರಿಕೆ ಓದುವುದು, ಉಳಿದವರು ತಮ್ಮ ಪಾಲಿನಲ್ಲಿ ಒಂದಿಷ್ಟು ಸುತ್ತಿ ಅವರ ಲೆಕ್ಕ ತುಂಬುವುದು. ತಮ್ಮ ಉಳಿದ ನಿಮಿಷಗಳನ್ನು ಎಲ್ಲಿ ಖರ್ಚು ಮಾಡಬೇಕೆಂದು ದುಡಿಯುವವರೇ ನಿರ್ಧರಿಸಿದಾಗ ಅವರು ಓದನ್ನು ಕೊಂಡರು. ಯಾವ ಯೋಜನಾ ಮಂಡಳಿಗೂ ಇದು ಹೊಳೆಯುತ್ತಿರಲಿಲ್ಲ. ಬೀಡಿ ಸೇದುವವರು ಕಡಿಮೆಯಾದಾಗ ಆ ಸಂಘ ಆಹಾರ ಪದಾರ್ಥ, ಕೊಡೆ ಎಂದು ಬೇರೆ ಉದ್ಯಮಗಳತ್ತ ತಿರುಗಿತು, ಮೊದಲಿನಷ್ಟು ಜನರನ್ನು ಉಳಿಸಿಕೊಳ್ಳಲು ಆಗಲಿಲ್ಲ. ಸಹಕಾರ ಸಂಘವೂ ಮಾರುಕಟ್ಟೆಯ ಗಾಳಿಗೆ ಹೊರತಲ್ಲ.

ನನ್ನ ಮಾತು ಇಲ್ಲಿಗೆ ಸಾಕು, ನಿಮ್ಮ ಪ್ರಶ್ನೆ ಕೇಳಿ.

ಗೋಣಿಕೊಪ್ಪಲು ಕಡೆಯ ಒಬ್ಬ ಸಣ್ಣ ಬೆಳೆಗಾರರು ಎದ್ದರು. "ಸಾರ್, ನೀವು ಕೆಲಸ ಹೋಗುವ ಮಾತಾಡುತ್ತೀರಿ, ನಮಗೆ ಆಳೇ ಸಿಗುವುದಿಲ್ಲ. ಅಸ್ಸಾಮಿನವರು ಬಾರದಿದ್ದರೆ ಹಣ್ಣು ಗಿಡದಲ್ಲೇ ಒಣಗುತ್ತದೆ. ನಾಲ್ಕು ಎಕರೆಯವನನ್ನು ದೊಡ್ಡ ಎಸ್ಟೇಟಿನವರ ಸಾಲಿಗೆ ಸೇರಿಸಬೇಡಿ."

ಅವರ ಮಾತು ನ್ಯಾಯವಾದದ್ದು. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ. 98ಕ್ಕಿಂತ ಹೆಚ್ಚಿನವು 10 ಹೆಕ್ಟೇರಿನ ಒಳಗಿನವು. ಅವರಲ್ಲಿ ಎಷ್ಟೋ ಜನ ತಾವೇ ಗಿಡದ ರೆಂಬೆ ಸವರಿ, ತಾವೇ ಗೊಬ್ಬರ ಹಾಕುತ್ತಾರೆ. ಆಳು ಸಿಗದಿರುವುದು ಡಿಸೆಂಬರಿನಿಂದ ಮೂರು ತಿಂಗಳು. ಉಳಿದ ತಿಂಗಳು ಅದೇ ಆಳಿಗೆ ಕೆಲಸ ಸಿಗುವುದಿಲ್ಲ. ವರ್ಷದ ಬಾಳನ್ನು ಮೂರು ತಿಂಗಳ ಕೂಲಿಯಲ್ಲಿ ನಡೆಸಲಾಗದೆ ಜನ ಮೈಸೂರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದರು. ಒಬ್ಬ ಸಣ್ಣ ಬೆಳೆಗಾರ ಹನ್ನೆರಡು ತಿಂಗಳ ಕೆಲಸ ಕೊಡಲಾರ, ನಿಜ. ಇಪ್ಪತ್ತು ಜನ ಸೇರಿ ಒಂದು ತಂಡವನ್ನು ವರ್ಷವಿಡೀ ಇಟ್ಟುಕೊಳ್ಳಬಹುದು: ಕುಯ್ಲು, ಮರಗಸಿ (ನೆರಳು ಮರದ ಕೊಂಬೆ ಸವರುವುದು), ಚಿಗುರು ತೆಗೆಯುವುದು, ಮೆಣಸು, ಗದ್ದೆ. ಮುಯ್ಯಾಳು ಪದ್ಧತಿ ಕಂಡವರಿಗೆ ಇದು ಹೊಸದಲ್ಲ, ಆಗ ಆಳಿಗೆ ಆಳು ಕೊಡುತ್ತಿದ್ದೆವು, ಈಗ ಕೂಲಿ, ರಜೆ, ಭವಿಷ್ಯ ನಿಧಿ ಬರೆದಿಡಬೇಕು. ಅಸ್ಸಾಮಿನಿಂದ ಬಂದವರಿಗೂ ಅದೇ ದರ. ಇಬ್ಬರಿಗೆ ಎರಡು ದರ ಇರುವ ತನಕ ಒಬ್ಬರನ್ನು ತೋರಿಸಿ ಇನ್ನೊಬ್ಬರನ್ನು ಹೆದರಿಸುವುದು ನಿಲ್ಲುವುದಿಲ್ಲ.

ಅಮ್ಮತ್ತಿ ಕಡೆಯಿಂದ ಬಂದಿದ್ದ ಒಬ್ಬ ಅಕ್ಕ ಕೂತಲ್ಲಿಂದಲೇ ಹೇಳಿದರು: "ಮೆಷಿನ್ ಕೊಡುವುದು ಗಂಡಸರಿಗೆ ಸಾರ್. ಅವರಿಗೆ ಕೂಲಿಯೂ ಜಾಸ್ತಿ. ನಮ್ಮನ್ನು ಕಳೆಗೆ ಕರೆಯುವುದೇ ಕಮ್ಮಿ ಮಾಡಿದ್ದಾರೆ."

ಇಡೀ ಉಪನ್ಯಾಸದಲ್ಲಿ ನಾನು ಹೇಳದೆ ಬಿಟ್ಟದ್ದನ್ನು ಅವರು ಹೇಳಿದರು. 1970ರ ಹೊತ್ತಿಗೆ ಸೋವಿಯತ್ ದೇಶದಲ್ಲಿ ಸಂಬಳದ ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಆದರೂ ಹಳ್ಳಿಯಲ್ಲಿ ಟ್ರ್ಯಾಕ್ಟರ್ ಓಡಿಸುವವರು ಬಹುಪಾಲು ಗಂಡಸರು, ಕೈಯಲ್ಲಿ ಮಾಡುವ ಕೆಲಸ ಹೆಂಗಸರದು. ಸಂಜೆ ಸರತಿಯಲ್ಲಿ ನಿಂತು ಸಾಮಾನು ತರುವುದೂ ಹೆಂಗಸರೇ, ಆ ಹೊತ್ತು ಯಾರ ಲೆಕ್ಕಕ್ಕೂ ಬರಲಿಲ್ಲ. ಆದ್ದರಿಂದ ಮೆಷಿನ್ ತರಬೇತಿಯಲ್ಲಿ ಅರ್ಧ ಜಾಗ ಹೆಂಗಸರಿಗೆ, ಹಗುರವಾದ ಮಾದರಿಯನ್ನೇ ಕೊಳ್ಳುವುದು, ಮೆಷಿನ್ ಹಿಡಿದವರಿಗೂ ಬುಡ ಬಿಡಿಸುವವರಿಗೂ ಒಂದೇ ದಿನಗೂಲಿ ಎಂದು ಮೊದಲೇ ಬರೆದುಕೊಳ್ಳಬೇಕು.

ಬಹಳ ಹೊತ್ತು ನಡೆದ ಚರ್ಚೆ ಮೆಷಿನ್ ಯಾರ ಹೆಸರಿನಲ್ಲಿರಬೇಕು ಅನ್ನುವುದರ ಮೇಲೆ. ಊರಿನ ಕೃಷಿ ಪತ್ತಿನ ಸಂಘದ ಹೆಸರಿನಲ್ಲಿ ಎಂದು ಕೆಲವರು, ಜಮೀನಿಲ್ಲದ ಲೈನ್ ಮನೆಯವರ ಮಾತು ಅಲ್ಲಿ ನಡೆಯುವುದಿಲ್ಲ ಎಂದು ಕೆಲವರು. ಕೊನೆಗೆ ಕಾರ್ಮಿಕರದ್ದೇ ಒಂದು ಸಹಕಾರ ಸಂಘ ನೋಂದಾಯಿಸಿ ಬೆಳೆಗಾರರಿಗೆ ಕೆಲಸ ಗುತ್ತಿಗೆಗೆ ಹಿಡಿಯುವ ಬಗ್ಗೆ ಕರಡು ಮಾಡಲು ಒಪ್ಪಿದರು. ಅದರಲ್ಲಿ ಮೂರು ನಿಯಮ ಇರಲಿ ಎಂದು ನಾನು ಕೇಳಿಕೊಂಡೆ. ಒಮ್ಮೆ ಗೊತ್ತು ಮಾಡಿದ ಕೆ.ಜಿ. ದರವನ್ನು ಸೀಸನ್ ನಡುವೆ ಇಳಿಸುವಂತಿಲ್ಲ, ಮುಂದಿನ ವರ್ಷ ಬದಲಿಸುವುದಾದರೆ ಕುಯ್ಯುವವರ ಸಭೆಯಲ್ಲೇ. ಆನೆ, ಮಳೆಯಿಂದ ಕೆಲಸ ನಿಂತ ದಿನಕ್ಕೆ ಅರ್ಧ ಕೂಲಿ ಮೀಸಲು ನಿಧಿಯಿಂದ. ಮೆಷಿನ್ನಿನಿಂದ ಉಳಿದ ಆಳುದಿನಗಳನ್ನು ಪ್ರತಿ ತಿಂಗಳು ಪುಸ್ತಕದಲ್ಲಿ ಬರೆದು ಸಭೆಯಲ್ಲಿ ಓದಬೇಕು. ಮೂರನೆಯದಕ್ಕೆ ಒಬ್ಬ ಹುಡುಗ, ಬರೆಯುವವರಿಗೆ ಆ ದಿನದ ಹಾಜರಿ ಕೊಡುತ್ತೀರಾ ಎಂದು ಕೇಳಿದ. ಕೊಡಬೇಕು ಎಂದು ಸಭೆ ಒಪ್ಪಿತು.